ಹೊನ್ನಕ್ಕ ಹೇಳಿದ ಹಲ್ಲುನೋವು

ನಮ್ಮ ಹುಣಸೆಕುಂಟೆಯಲ್ಲಿ ಯಾರಾದರೂ ಹಲ್ಲುನೋವು ಎಂದರೆ ಕೇಳಿದವರು ದವಡೆ ನೋಡುವುದಿಲ್ಲ. ಕಣ್ಣು ಕೆಂಪಗಿದೆಯೇ, ಕೈ ನಡುಗುತ್ತಿದೆಯೇ ಎಂದು ನೋಡುತ್ತಾರೆ. ಆಮೇಲೆ ದನಿ ತಗ್ಗಿಸಿ, "ಮಂಗಳವಾರ ಹೊನ್ನಕ್ಕನ ಜೊತೆ ಹೋಗಿ ಬಾ" ಎನ್ನುತ್ತಾರೆ. ಹೊರಗಿನವರಿಗೆ ಇದು ತಲೆಬುಡ ತಿಳಿಯದ ಮಾತು. ನಿಜವಾಗಿ ಹಲ್ಲು ನೋಯುವವರಿಗಂತೂ ನಮ್ಮೂರಲ್ಲಿ ಬಹಳ ಫಜೀತಿ. ಈ ಮಾತು ಹುಟ್ಟಿದ್ದು ಹೊನ್ನಕ್ಕನ ಬಾಯಲ್ಲಿ, ಮಧುಗಿರಿ ಬಸ್ಸಿನೊಳಗೆ, ನಾಲ್ಕು ವರ್ಷದ ಹಿಂದಿನ ಒಂದು ಬುಧವಾರ.

ದೊಡ್ಡೇರಿ ದಾಟಿ ಎರಡು ಮೈಲಿ ಬಂದರೆ ನಮ್ಮೂರು. ಹೊನ್ನಕ್ಕನಿಗೆ ಈಗ ಐವತ್ತೈದು. ಮೂಗು ಉದ್ದ, ಮಾತು ಅದಕ್ಕಿಂತ ಉದ್ದ. ಸುಗ್ಗಿ ಬಂದಾಗ ಅವಳ ಕೆಲಸ ಹುಣಸೆಹಣ್ಣು ಕುಟ್ಟುವುದು. ಸಿಪ್ಪೆ ಒಡೆದು, ನಾರು ಎಳೆದು, ಬೀಜ ತೆಗೆದು ಗುಡ್ಡೆ ಹಾಕುವುದರಲ್ಲಿ ಸುತ್ತಲ ನಾಲ್ಕೂರಿನ ಹೆಂಗಸರು ಅವಳ ಮುಂದೆ ಕೈಕಟ್ಟಿ ಕೂರಬೇಕು. ಅದರಲ್ಲೂ ನಾರು. ಹಣ್ಣಿನ ಬೆನ್ನಿಗಂಟಿದ ನಾರನ್ನು ತೊಟ್ಟಿನ ಬುಡದಲ್ಲಿ ಹಿಡಿದು ಒಂದೇ ಎಳೆತಕ್ಕೆ ತುದಿವರೆಗೂ ಬಿಡಿಸಿಬಿಡುತ್ತಾಳೆ. ನಡುವೆ ಕಿತ್ತು ಹೋದರೆ ಒಳಗುಳಿದ ಚೂರು ಉಣ್ಣುವವರ ಗಂಟಲಿಗೆ ಸಿಗುತ್ತದೆ ಎಂದು ಜೊತೆಯವರಿಗೆ ಬೈಯುತ್ತಾಳೆ. "ಕಣ್ಣು ಎಲ್ಲೋ, ಕೈ ಎಲ್ಲೋ! ನಾರು ಅರ್ಧ ಒಳಗೇ ಬುಟ್ಬುಟ್ಟೆ ನೋಡು" ಎಂಬುದು ಅವಳ ದಿನದ ಪಾಠ.

ಅವಳನ್ನು ಕೊಟ್ಟಿದ್ದು ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಮಗ್ಗುಲಿಗೆ. ಗಂಡ ಬೈರಪ್ಪ ಸಾಧು ಮನುಷ್ಯ. ಇರುವೆ ತುಳಿಯಲೂ ಅಂಜುವವನು, ಕುಡಿತ ಒಂದು ಬಿಟ್ಟರೆ. ನಲವತ್ತೆರಡಕ್ಕೆ ಅವನ ಕಣ್ಣು ಅರಿಶಿನ ಬಣ್ಣಕ್ಕೆ ತಿರುಗಿತು, ಹೊಟ್ಟೆ ಊದಿತು. ಕಾಮಾಲೆ ಎಂದರು. ಸೊಪ್ಪಿನ ರಸ ಕುಡಿಸಿದರು, ಪಥ್ಯ ಮಾಡಿಸಿದರು. ಔಷಧಿ ಕೊಟ್ಟವನು, "ಕುಡಿತ ಗಿಡಿತ ಏನಾದ್ರೂ ಐತಾ?" ಎಂದು ಒಮ್ಮೆ ಕೇಳಿದ್ದ. ಅತ್ತೆ ಮಾವ ಎದುರಿಗೇ ನಿಂತಿದ್ದರು. ಹೊನ್ನಕ್ಕ ತಲೆ ಬಗ್ಗಿಸಿ, "ಇಲ್ಲ" ಎಂದಳು. ಮೂರು ತಿಂಗಳಿಗೆ ಬೈರಪ್ಪ ಮಣ್ಣಾದ. ಯಾರು ಕೇಳಿದರೂ, "ಕಾಮಾಲೆಯಾಗಿ ಹೋದರು" ಎಂದೇ ಹೇಳಿಕೊಂಡು ಅವಳು ತವರಿಗೆ ಬಂದಳು. ಆ ಒಂದು "ಇಲ್ಲ" ಅವಳೊಳಗೆ ಹನ್ನೆರಡು ವರ್ಷ ಕೂತಿತ್ತು.

ತವರಲ್ಲಿ ಇದ್ದವರು ತಮ್ಮ ಪಾಲಪ್ಪ ಮತ್ತು ಅವನ ಹೆಂಡತಿ ಲಕ್ಷ್ಮೀದೇವಿ. ಲಕ್ಷ್ಮೀದೇವಿ ಪಾವಗಡದ ಆಚೆಯ ಗಡಿಯೂರಿನವಳು, ಗಂಡನ ಅಕ್ಕನನ್ನು ತೆಲುಗಿನಲ್ಲಿ "ವದಿನಾ" ಎಂದು ಕರೆಯುತ್ತಾಳೆ. ಪಾಲಪ್ಪನದು ಬೋರ್‌ವೆಲ್ ಮೋಟರಿನ ಕೆಲಸ. ಸುಟ್ಟ ಮೋಟರನ್ನು ನೂರಾರು ಅಡಿ ಕೆಳಗಿನಿಂದ ಎತ್ತಿಸಿ, ಬಿಚ್ಚಿ, ತಾಮ್ರದ ತಂತಿ ಹೊಸದಾಗಿ ಸುತ್ತಿ, ಮತ್ತೆ ಇಳಿಸುತ್ತಾನೆ. ತಂತಿ ಸುತ್ತುವಾಗ ಅವನ ಬೆರಳು ನೋಡಬೇಕು, ಹೂ ಕಟ್ಟಿದ ಹಾಗೆ. ಆದರೆ ನಮ್ಮ ಕಡೆ ಒಂದು ಕೆಟ್ಟ ಪದ್ಧತಿ ಇದೆ. ಮೋಟರ್ ಎತ್ತಿದವರಿಗೆ ಕೂಲಿಯ ಜೊತೆಗೆ ಒಂದು ಕ್ವಾರ್ಟರ್ ಬಾಟಲಿ ಕೊಡಲೇಬೇಕು. ಕೊಡದಿದ್ದರೆ ಹೊಲದವನು ಜಿಪುಣ. ಬೇಡ ಅಂದರೆ ಎತ್ತಿದವನಿಗೆ ಗತ್ತು. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೋಟರ್ ಸುಡುತ್ತವೆ. ಹದಿನೈದು ವರ್ಷ ಹೀಗೇ ನಡೆದು, ಕೊನೆಗೆ ಮೋಟರ್ ಇಲ್ಲದ ದಿನವೂ ಬಾಟಲಿ ಇರಲೇಬೇಕಾಯಿತು. ಬೆಳಿಗ್ಗೆ ಒಂದಿಷ್ಟು ಒಳಗೆ ಬೀಳದಿದ್ದರೆ ಹೂ ಕಟ್ಟುವ ಬೆರಳಿಗೆ ತಂತಿ ನಿಲ್ಲುತ್ತಿರಲಿಲ್ಲ.

ಮಾಘದಲ್ಲಿ ಒಂದು ಸೋಮವಾರ ಅಕ್ಕ, ಹೆಂಡತಿ ಇಬ್ಬರೂ ಸೇರಿ ಅವನನ್ನು ಊರ ಗುಟ್ಟೆಯ ಮೇಲಿನ ಸಿದ್ದಪ್ಪನ ಗುಡಿಗೆ ಕರೆದೊಯ್ದರು. ಕುಡಿತ ಬಿಡಬೇಕಾದವರಿಗೆ ಅಲ್ಲಿ ಕೈಗೆ ದಾರ ಕಟ್ಟುತ್ತಾರೆ. ದಾರ ಇರುವವರೆಗೆ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ದೇವರು ಸುಮ್ಮನಿರುವುದಿಲ್ಲ. ಪೂಜಾರಿ ಮರುಳಸಿದ್ದಯ್ಯ ದಾರ ಕಟ್ಟಿ, ಅವನ ಬಾಯಲ್ಲಿ ಮೂರು ಸಲ ಆಣೆ ಹೇಳಿಸಿದರು. ಪಾಲಪ್ಪ ಅಂದು ಬೆಳಿಗ್ಗೆ, ಇದೇ ಕೊನೆ ಎಂದುಕೊಂಡು ಸ್ವಲ್ಪ ಹಾಕಿಕೊಂಡೇ ಗುಟ್ಟೆ ಹತ್ತಿದ್ದ. ಆದರೆ ಆಣೆ ಮಾತ್ರ ಮನಸ್ಸಿನಿಂದಲೇ ಮಾಡಿದ.

ಮಂಗಳವಾರ ಇಡೀ ದಿನ ಬೆವರಿದ, ವಾಂತಿ ಮಾಡಿದ, ಮುದ್ದೆ ಮುಟ್ಟಲಿಲ್ಲ. ಬುಧವಾರ ಬೆಳಿಗ್ಗೆ ಹೊನ್ನಕ್ಕ ಕಾಫಿ ತಂದಾಗ ಅವನು ಗೋಡೆಗೆ ಒರಗಿ ಕೂತು ಕಂಬಳಿಯಿಂದ ಏನನ್ನೋ ಕಿತ್ತು ಕಿತ್ತು ನೆಲಕ್ಕೆ ಹಾಕುತ್ತಿದ್ದ.

"ಏನ್ಲಾ ಮಾಡ್ತಿದ್ದೀಯಾ?"

"ನಾರು ಕಣಕ್ಕ. ನೋಡು, ಮೈತುಂಬಾ ನಾರು. ಎಳೆದಷ್ಟೂ ಬತ್ತಾನೇ ಅವೆ. ನೀನೇ ತಂದು ಸುರಿದಿದ್ದೀಯಾ?"

ಹೊನ್ನಕ್ಕ ಬಗ್ಗಿ ನೋಡಿದಳು. ನಾರನ್ನು ಅವಳಷ್ಟು ಬಲ್ಲವರು ಯಾರು? ಅಲ್ಲಿ ಒಂದೆಳೆಯೂ ಇರಲಿಲ್ಲ. ಅವನ ಕೈ ಮಾತ್ರ ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲ್ಲಾಡುತ್ತಿತ್ತು. ಇನ್ನೊಂದು ಗಳಿಗೆಗೆ ಅವನೇ ಸರಿಯಾಗಿ, "ಯಾಕಕ್ಕ ಅಂಗೆ ನೋಡ್ತೀಯಾ?" ಎಂದು ಕೇಳಿದ.

ಸುದ್ದಿ ಬೀದಿಗೆ ಬಿತ್ತು. "ಕದ್ದು ಕುಡಿದವ್ನೆ, ಸಿದ್ದಪ್ಪ ಮುನ್ಸ್ಕೊಂಡವ್ನೆ" ಎಂದರು. ಮರುಳಸಿದ್ದಯ್ಯನವರು ನಿಂಬೆಹಣ್ಣು, ಕುಂಕುಮ ಹಿಡಿದು ಬಂದು, ಗುಡಿಗೆ ಕರೆತಂದು ತಪ್ಪೊಪ್ಪಿಗೆ ಮಾಡಿಸಿ ಎಂದರು.

"ಏನ್ ತಪ್ಪು ಒಪ್ಸೋದು ಅಯ್ಯನೋರೆ?" ಎಂದಳು ಹೊನ್ನಕ್ಕ. "ಎರಡು ದಿನದಿಂದ ಬಾಗ್ಲಾಗೆ ಹಣ್ಣು ಕುಟ್ತಾ ಕುಂತಿದ್ದೀನಿ. ನನ್ನ ದಾಟಿ ಒಂದು ಇರುವೆ ಹೋಗಿಲ್ಲ. ಅವನು ಮುಟ್ಟಿಲ್ಲ. ಮುಟ್ಟದೆ ಇದ್ದಿದ್ದಕ್ಕೇ ಇಂಗಾಗೈತೆ."

ಹಾಗೆಂದವಳಿಗೇ ತಾನು ಹೇಳಿದ ಮಾತು ವಿಚಿತ್ರವಾಗಿ ಕೇಳಿಸಿತು. ಮುಟ್ಟದಿದ್ದರೆ ಒಳ್ಳೆಯದಾಗಬೇಕಲ್ಲವೇ? ಊರಿನ ಆಶಾ ಕಾರ್ಯಕರ್ತೆ ಗಂಗಲಕ್ಷ್ಮಿ ಅಷ್ಟರಲ್ಲಿ ಬಂದವಳು ಅವನನ್ನು ನೋಡಿದ್ದೇ, "ಹೊನ್ನಕ್ಕ, ಇದು ಗುಡಿ ಕೆಲ್ಸ ಅಲ್ಲ. ನೂರೆಂಟಕ್ಕೆ ಫೋನ್ ಮಾಡ್ತೀನಿ, ಆಂಬುಲೆನ್ಸ್ ಬತ್ತದೆ" ಎಂದಳು.

"ಬ್ಯಾಡ ಕಣಮ್ಮ! ಆ ಗಾಡಿ ಬೀದಿಗೆ ಬಂದ್ರೆ ಊರೆಲ್ಲ ನೆರೀತದೆ. ಬಸ್ಸು ಬರೋ ಹೊತ್ತಾಯ್ತು. ನಾನೇ ಕರ್ಕೊಂಡೋಯ್ತೀನಿ."

ಇದು ಹೊನ್ನಕ್ಕ ಮಾಡಿದ ಮೊದಲ ತಪ್ಪು. ಎರಡನೆಯದು ಬಸ್ಸಿನಲ್ಲಿ ಆಯಿತು. ಮುಂದಿನ ಸೀಟಿನಲ್ಲಿ ನಮ್ಮೂರಿನ ನಾಗರತ್ನಮ್ಮ ಕೂತಿದ್ದಳು. ಅವಳ ಕಿವಿಗೆ ಬಿದ್ದದ್ದು ಸಿರಾ ಮುಟ್ಟಲು ಅರ್ಧ ದಿನ ಸಾಕು. "ಏನಾಗೈತಕ್ಕ ತಮ್ಮಂಗೆ?" ಎಂದು ತಿರುಗಿ ಕೇಳಿದಳು. ಹೊನ್ನಕ್ಕ ಹಿಂದೆ ಮುಂದೆ ನೋಡದೆ, "ಹಲ್ಲುನೋವು" ಎಂದಳು. ಹೇಳಿದ ಮೇಲೆ ಅದಕ್ಕೆ ತಕ್ಕ ಹಾಗೆ ಇರಬೇಕಲ್ಲ, ತನ್ನ ಚೌಕ ತೆಗೆದು ತಮ್ಮನ ಕೆನ್ನೆಗೆ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿದಳು. ಪಾಲಪ್ಪ ಮದುವೆಗಂಡಿನ ಹಾಗೆ ಸುಮ್ಮನೆ ಕೂತ.

"ಪಾಪ, ಲವಂಗ ಇಟ್ಕೊಂಡಿದ್ರೆ ಆಗ್ತಿತ್ತು" ಎಂದಳು ನಾಗರತ್ನಮ್ಮ.

"ಇಟ್ಟಾಯ್ತು ಕಣಮ್ಮ, ಲವಂಗಕ್ಕೆಲ್ಲ ಬಗ್ಗೋ ಹಲ್ಲಲ್ಲ."

ನಾಗರತ್ನಮ್ಮನಿಗೂ ಮಧುಗಿರಿಯ ಸರ್ಕಾರಿ ಆಸ್ಪತ್ರೆಗೇ ಹೋಗಬೇಕಿತ್ತು. ಚೀಟಿ ಬರೆಯುವ ಕಿಟಕಿಯ ಮುಂದೆ ಅವಳು ಹೊನ್ನಕ್ಕನ ಬೆನ್ನಿಗೇ ನಿಂತಳು. ಒಳಗಿದ್ದ ಗುಮಾಸ್ತ ಚಂದ್ರಶೇಖರಯ್ಯ, "ಏನು ತೊಂದರೆ?" ಎಂದು ಕೇಳಿದರು. ಹಿಂದೆ ನಾಗರತ್ನಮ್ಮನ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಹೊನ್ನಕ್ಕ ಮತ್ತೆ, "ಹಲ್ಲುನೋವು ಸಾರ್" ಎಂದಳು. ಅವರು ಹಲ್ಲಿನ ರೂಮಿಗೆ ಬರೆದುಕೊಟ್ಟರು.

ಹಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪಾಲಪ್ಪನನ್ನು ಉದ್ದನೆಯ ಕುರ್ಚಿಯಲ್ಲಿ ಮಲಗಿಸಿ ದೀಪ ಹಾಕಿದರು. "ಯಾವ ಹಲ್ಲು?"

"ಎಡಗಡೆ ದವಡೆ" ಎಂದಳು ಹೊನ್ನಕ್ಕ. ಅದೇ ಹೊತ್ತಿಗೆ ಪಾಲಪ್ಪ ಬಲಗೆನ್ನೆ ತೋರಿಸಿದ.

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದರು. ಬಾಯಿಯೊಳಗೆ ಕನ್ನಡಿ ಇಟ್ಟು ಮೂಲೆ ಮೂಲೆ ಹುಡುಕಿದರು. "ಹಲ್ಲೆಲ್ಲ ಕಲ್ಲಿನ ಹಾಗಿವೆ. ಇದು ಯಾವ ನೋವು?" ಎಂದರು. ಆಗ ಪಾಲಪ್ಪ ಅವರ ಕೈ ಹಿಡಿದುಕೊಂಡು ಗ್ಲೌಸಿನ ಮೇಲಿಂದ ಮೆಲ್ಲಗೆ ಏನನ್ನೋ ಕೀಳತೊಡಗಿದ. "ನಾರು ಮೇಡಂ. ನಿಮ್ಮ ಕೈಗೂ ಅಂಟ್ಕಂಡೈತೆ. ಅಲ್ಲಾಡ್ಬೇಡಿ, ತೆಗೀತೀನಿ."

ಡಾಕ್ಟರಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಅವನ ನಾಡಿ ಹಿಡಿದು ನೋಡಿ, ಹೊನ್ನಕ್ಕನ ಕಡೆ ತಿರುಗಿ, "ಅಮ್ಮಾ, ಇವರು ಕುಡೀತಾರಾ?" ಎಂದು ಕೇಳಿದರು.

ಹೊನ್ನಕ್ಕನ ನಾಲಿಗೆಯ ತುದಿಗೆ "ಇಲ್ಲ" ಬಂದಿತ್ತು. ಆ ಮಾತು ಅವಳಿಗೆ ಗುರುತಿನದೇ. ತೋವಿನಕೆರೆಯ ಆ ಪಡಸಾಲೆ, ಎದುರಿಗೆ ನಿಂತ ಅತ್ತೆ ಮಾವ, ಹಾಸಿಗೆಯಲ್ಲಿದ್ದ ಅರಿಶಿನ ಕಣ್ಣು, ಎಲ್ಲವೂ ಒಟ್ಟಿಗೆ ಬಂದು ನಿಂತವು.

"ಕುಡೀತಾನೆ ಮೇಡಮ್ಮನೋರೆ" ಎಂದಳು. "ಹದಿನೈದು ವರ್ಷದಿಂದ ಕುಡೀತಾನೆ. ಸೋಮವಾರ ಬೆಳಿಗ್ಗೆ ಕುಡಿದಿದ್ದೇ ಕೊನೆ. ದಾರ ಕಟ್ಸಿ ನಿಲ್ಸ್‌ಬುಟ್ವಿ. ಹಲ್ಲುನೋವು ಸುಳ್ಳು. ನಾನೇ ಹೇಳಿದ್ದು. ನನ್ನ ತಮ್ಮನ್ನ ಉಳಿಸ್ಕೊಡಿ."

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಡಾಕ್ಟರಮ್ಮ ತಾವೇ ಓಡಿಹೋಗಿ ಗಾಲಿಕುರ್ಚಿ ತರಿಸಿದರು. ತುರ್ತು ಚಿಕಿತ್ಸೆಯ ಕೋಣೆಗೆ ಮುಟ್ಟುವಷ್ಟರಲ್ಲಿ ಪಾಲಪ್ಪನಿಗೆ ಫಿಟ್ಸ್ ಬಂತು. ಕಣ್ಣು ಮೇಲಾದವು, ಹಲ್ಲು ಕಚ್ಚಿಕೊಂಡವು. ಬಸ್ಸಿನಲ್ಲಿ ಆಗಿದ್ದರೆ? ಇನ್ನೊಂದು ಗಂಟೆ ಗುಡಿಯ ಮುಂದೆ ಕೂರಿಸಿದ್ದರೆ? ಹೊನ್ನಕ್ಕ ಕಾರಿಡಾರಿನ ಕಂಬ ಹಿಡಿದು ನಿಂತುಬಿಟ್ಟಳು.

ಇಂಜೆಕ್ಷನ್, ಡ್ರಿಪ್ ಹಾಕಿ ಅವನು ಮಲಗಿದ ಮೇಲೆ ದೊಡ್ಡ ಡಾಕ್ಟರು ಹೊರಗೆ ಬಂದು ಅವಳಿಗೆ ಬಿಡಿಸಿ ಹೇಳಿದರು. "ದಿನಾ ಕುಡಿಯೋ ಮೈ ಅದಕ್ಕೆ ಒಗ್ಗಿ ಹೋಗಿರುತ್ತಮ್ಮ. ಒಂದೇ ಸಲಕ್ಕೆ ನಿಲ್ಲಿಸಿದರೆ ತಡೆಯೋದಿಲ್ಲ. ಎರಡು ಮೂರು ದಿನದಲ್ಲಿ ಹೀಗೆ ತಿರುಗಿಬೀಳುತ್ತೆ, ಜೀವ ಹೋದದ್ದೂ ಉಂಟು. ಬಿಡಿಸಬೇಕು, ಆದರೆ ಇಲ್ಲಿಟ್ಟುಕೊಂಡು, ಔಷಧಿ ಕೊಟ್ಟು ಬಿಡಿಸಬೇಕು."

"ಅಂಗಾದ್ರೆ ದೇವರ ಮುನಿಸಲ್ವಾ ಸಾರ್? ಆ ದಾರ ಬಿಚ್ಲಾ?"

"ಯಾಕೆ ಬಿಚ್ಚುತ್ತೀರಿ? ಅದು ಬಲಗೈಲಿದೆ. ನಾವು ಎಡಗೈಗೆ ಸೂಜಿ ಹಾಕಿದ್ದೇವೆ. ಎರಡೂ ಇರಲಿ."

ಪಾಲಪ್ಪ ಆರು ದಿನ ಅಲ್ಲೇ ಇದ್ದ. ಮೂರನೆಯ ದಿನಕ್ಕೆ ನಾರು ಕೀಳುವುದು ನಿಂತಿತು. ಐದನೆಯ ದಿನ, "ಅಕ್ಕ, ಇಲ್ಲಿ ಮುದ್ದೆ ಸಿಗಲ್ವಾ?" ಎಂದ. ಹೊನ್ನಕ್ಕ ಆಸ್ಪತ್ರೆಯ ಗೇಟಿನಲ್ಲಿ ನಿಂತು ಊರಿನ ಬಸ್ಸಿಗೆ ಕಾದು, ಲಕ್ಷ್ಮೀದೇವಿ ಕಳಿಸಿದ ಮುದ್ದೆಯ ಡಬ್ಬಿ ತೆಗೆದುಕೊಂಡಳು. ಡಬ್ಬಿ ತಂದುಕೊಟ್ಟವಳು ಬೇರೆ ಯಾರೂ ಅಲ್ಲ, ನಾಗರತ್ನಮ್ಮ.

"ಹಲ್ಲು ಹೆಂಗೈತೆ ಈಗ?" ಎಂದು ಅವಳು ಕೇಳಿದಾಗ ತುಟಿಯಂಚಿನಲ್ಲಿ ನಗೆಯಿತ್ತು. ಗುಟ್ಟು ರಟ್ಟಾಗಿತ್ತು. ಹೊನ್ನಕ್ಕ ಜಗಳಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ನಾಗರತ್ನಮ್ಮನ ನಗು ಆರಿಹೋಯಿತು. ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಒತ್ತುತ್ತಾ, "ನಮ್ಮೋರಿಗೂ ಅದೇ ಹಲ್ಲುನೋವು ಕಣಕ್ಕ" ಎಂದಳು. "ಯಾರ್ನ ನೋಡ್ಬೇಕು, ಎಲ್ಲಿ ಚೀಟಿ ಮಾಡಿಸ್ಬೇಕು, ಒಸಿ ಹೇಳ್ಕೊಡು. ಯಾರ್ಗೂ ಹೇಳ್ಬೇಡ ಮತ್ತೆ."

ಹಲ್ಲುನೋವು ಎಂಬ ಮಾತು ಊರಿನ ಮಾತಾದದ್ದು ಹೀಗೆ.

ಮನಸ್ಸಿನ ಡಾಕ್ಟರು ಆ ಆಸ್ಪತ್ರೆಗೆ ಮಂಗಳವಾರ ಮಾತ್ರ ಬರುತ್ತಿದ್ದರು. ಕುಡಿತದ ಆಸೆ ತಗ್ಗಿಸುವ ಮಾತ್ರೆ ಬರೆಯುವವರು ಅವರೇ. ಮಾತ್ರೆ ಆಸ್ಪತ್ರೆಯಲ್ಲೇ ಸಿಗುತ್ತಿತ್ತು. ಜೊತೆಗೆ ಶ್ರೀಲತಾ ಎಂಬ ಆಪ್ತಸಮಾಲೋಚಕಿ, ಕುಡಿಯುವವರನ್ನು ಬೇರೆ, ಮನೆಯವರನ್ನು ಬೇರೆ ಕೂರಿಸಿ ಮಾತಾಡುತ್ತಿದ್ದರು. ಪಾಲಪ್ಪ ಮನೆಗೆ ಬಂದ ಮೇಲೆ ಮೊದಲ ಸಲ ಅವರ ಹತ್ತಿರ ಹೋಗಬೇಕಾದಾಗ ಲಕ್ಷ್ಮೀದೇವಿ ಬಾಗಿಲಿಗೆ ಅಡ್ಡ ನಿಂತಳು.

"ಮಂಗಳವಾರ ಕಾಯ್ಲೆ ಮನುಷ್ಯನ್ನ ಮನೆಯಿಂದ ಹೊರಡಿಸ್ತಾರಾ ವದಿನಾ? ಬುಧವಾರ ಹೋದ್ರೆ ಏನಂತೆ? ಅದೂ ಹುಚ್ಚಿನ ಡಾಕ್ಟರತ್ರ!"

"ಮನುಷ್ಯನ್ನಲ್ಲ ಕಣಮ್ಮ, ಕಾಯ್ಲೆನ ಹೊರಡಿಸ್ತಿರೋದು. ಅದಕ್ಕೆ ಮಂಗಳವಾರ ಆದ್ರೇನು, ಅಮಾಸೆ ಆದ್ರೇನು? ನೀನೂ ಸೀರೆ ಉಟ್ಕೊ, ನಡಿ. ಆ ಶ್ರೀಲತಮ್ಮ ಮನೆಯೋರ ಹತ್ರಾನೂ ಮಾತಾಡ್ಬೇಕಂತೆ."

ಲಕ್ಷ್ಮೀದೇವಿ ಅಂದು ಒಂದು ಗಂಟೆ ಆ ಕೋಣೆಯಲ್ಲಿ ಕೂತು ಅತ್ತು, ಹೊರಗೆ ಬಂದವಳು, "ಹುಚ್ಚಿನ ಡಾಕ್ಟರ ಹತ್ರ ಮೊದಲೇ ಬರಬೇಕಾಗಿತ್ತು" ಎಂದಳು.

ಊರಿಗೆ ಬಂದ ಮೇಲೆ ಹೊನ್ನಕ್ಕ ಗುಟ್ಟೆ ಹತ್ತಿದಳು. ಹಣ್ಣುಕಾಯಿ ಮಾಡಿಸಿ, ಮಂಗಳಾರತಿ ತೆಗೆದುಕೊಂಡು, ಪೂಜಾರಿಯ ಎದುರಿಗೆ ಕೂತಳು. "ಅಯ್ಯನೋರೆ, ನೀವು ದಾರ ಕಟ್ಟೋದು ತಪ್ಪಲ್ಲ. ಆದ್ರೆ ಇನ್ನು ಮುಂದೆ ದಿನಾ ಕುಡಿಯೋರು ಬಂದ್ರೆ ಮೊದ್ಲು ಆಸ್ಪತ್ರೆ ಚೀಟಿ ಕೇಳಿ."

ಮರುಳಸಿದ್ದಯ್ಯನವರ ಮೀಸೆ ನೆಟ್ಟಗಾಯಿತು. "ನಮ್ಮಪ್ಪ ಅಜ್ಜನ ಕಾಲದಿಂದ ಕಟ್ಟಿದ್ದೀವಿ. ಸಿದ್ದಪ್ಪಂಗೆ ಡಾಕ್ಟ್ರ ಶಿಫಾರಸ್ಸು ಬೇಕೇನಮ್ಮ?"

"ಸಿದ್ದಪ್ಪಂಗೆ ಬೇಡ. ಕಟ್ಟಿಸ್ಕೊಳ್ಳೋ ಮೈಗೆ ಬೇಕು. ನಮ್ ಪಾಲ ಆವತ್ತು ಹೋಗಿದ್ರೆ, ಊರೋರು ಯಾರ ಹೆಸರು ಹೇಳ್ತಿದ್ರು? ನನ್ನ ಹೆಸ್ರಲ್ಲ, ನಿಮ್ಮ ಹೆಸ್ರೂ ಅಲ್ಲ. ದೇವರ ಹೆಸರು."

ಪೂಜಾರಿ ಬಹಳ ಹೊತ್ತು ಕುಂಕುಮದ ತಟ್ಟೆಯನ್ನೇ ಸರಿಮಾಡುತ್ತಿದ್ದರು. ಆದರೆ ಯುಗಾದಿ ಕಳೆದ ಮೇಲೆ ಐ.ಡಿ.ಹಳ್ಳಿಯ ಕಡೆಯಿಂದ ದಾರ ಕಟ್ಟಿಸಿಕೊಳ್ಳಲು ಬಂದ ಒಬ್ಬನಿಗೆ, "ಚೀಟಿ ತಂದಿದ್ದೀಯೇನಪ್ಪ? ಇಲ್ದಿದ್ರೆ ಕೆಳಗಿಳಿದು ಹೊನ್ನಕ್ಕನ ಮನೆ ಯಾವ್ದು ಅಂತ ಕೇಳು" ಎಂದು ಗದರಿ ಕಳಿಸಿದರು. ಅವನು ನೇರ ಬಂದು ಹೊನ್ನಕ್ಕನ ಹುಣಸೆ ಗುಡ್ಡೆಯ ಮುಂದೆ ನಿಂತ.

ಇಷ್ಟಕ್ಕೇ ಕತೆ ಸುಖವಾಗಿ ಮುಗಿಯಿತೆಂದರೆ ಸುಳ್ಳಾಗುತ್ತದೆ. ಆಷಾಢದಲ್ಲಿ ಪಾಲಪ್ಪ ಜಾರಿದ. ಒಬ್ಬರ ತೋಟದಲ್ಲಿ ಎಂಟು ದಿನದಿಂದ ಕೆಟ್ಟಿದ್ದ ಬೋರ್‌ವೆಲ್ಲಿನಲ್ಲಿ ಇವನು ಇಳಿಸಿದ ಮೋಟರು ಒಂದೇ ಸಲಕ್ಕೆ ನೀರೆತ್ತಿತು. ತೋಟದವರು ಸಂತೋಷಕ್ಕೆ ತಬ್ಬಿಕೊಂಡರು, ಬಾಟಲಿ ಮುಂದೆ ಹಿಡಿದರು. "ಇವತ್ತೊಂದಿನ ಕಣಯ್ಯ" ಎಂದರು. ಆ ಒಂದು ದಿನ ಹದಿಮೂರು ದಿನವಾಯಿತು. ನಾಚಿಕೆಗೆ ಮನೆಗೆ ಬರದೆ ದೊಡ್ಡೇರಿಯ ತನ್ನ ಅಂಗಡಿಯಲ್ಲೇ, ಸುಟ್ಟ ಮೋಟರುಗಳ ನಡುವೆ ಮಲಗಿದ. ಕೈಯ ದಾರವನ್ನು ತಾನೇ ಕತ್ತರಿಸಿ ಡಬ್ಬಿಯಲ್ಲಿ ಹಾಕಿದ್ದ.

ಹೊನ್ನಕ್ಕ ಈ ಸಲ ಮೊದಲು ಗಂಗಲಕ್ಷ್ಮಿಯ ಮನೆಗೆ ಹೋದಳು. ಗಂಗಲಕ್ಷ್ಮಿ ತನ್ನ ಫೋನಿನಿಂದ ಒಂದು ನಾಲ್ಕು ನಾಲ್ಕು ಒಂದು ಆರು ಒತ್ತಿಕೊಟ್ಟಳು. ದುಡ್ಡು ಕೊಡಬೇಕಿಲ್ಲದ ಸರ್ಕಾರಿ ನಂಬರು, ಮನಸ್ಸಿನ ತೊಂದರೆಗೆ ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹೆಣ್ಣುದನಿ ಎಲ್ಲ ಕೇಳಿಸಿಕೊಂಡು, "ಅಮ್ಮ, ಅವರನ್ನು ಕೂಡಿಹಾಕಿ ನೀವೇ ನಿಲ್ಲಿಸಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮತ್ತೆ ಕುಡಿದರು ಅಂತ ಎಲ್ಲಾ ಹಾಳಾಯಿತು ಅಂದುಕೊಳ್ಳಬೇಡಿ, ಈ ಕಾಯಿಲೆಯಲ್ಲಿ ಹೀಗೆ ಆಗುತ್ತದೆ" ಎಂದಿತು.

ಹೊನ್ನಕ್ಕ ಅಂಗಡಿಗೆ ಹೋಗಿ ಬಾಗಿಲು ತಟ್ಟಿದಳು.

"ಹೋಗಕ್ಕ, ನನ್ನ ಮಕ ನೋಡ್ಬೇಡ. ಯಾವ ಮಕ ಹೊತ್ಕಂಡು ಬರ್ಲಿ?"

"ಇರೋದು ಒಂದೇ ಮಕ ತಾನೆ, ಅದ್ನೇ ಹೊತ್ಕಂಡು ಬಾ. ಲೇ ಪಾಲ, ನೀನು ಸುತ್ತಿದ ಮೋಟ್ರು ಎರಡನೇ ಸಲ ಸುಟ್ಟು ಬಂದ್ರೆ ಗುಜರಿಗೆ ಹಾಕ್ತೀಯಾ?"

ಒಳಗೆ ಮೋಟರೊಂದನ್ನು ಪಕ್ಕಕ್ಕೆ ಸರಿಸಿದ ಸದ್ದಾಯಿತು. ಆಮೇಲೆ, "ಇಲ್ಲ. ಬಿಚ್ಚಿ ನೋಡ್ತೀನಿ" ಎಂದಿತು ದನಿ.

"ಅಂಗೇ ಅವರೂ ಬಿಚ್ಚಿ ನೋಡ್ತಾರೆ, ಬಾ."

ಕಿಟಕಿಯ ಮುಂದೆ ಈ ಸಲವೂ ಸಾಲು ಉದ್ದವಿತ್ತು. ಚಂದ್ರಶೇಖರಯ್ಯ ತಲೆಯೆತ್ತದೆ, "ಏನು ತೊಂದರೆ?" ಎಂದರು. ಹೊನ್ನಕ್ಕ ಇಡೀ ಸಾಲಿಗೆ ಕೇಳುವ ಹಾಗೆ, "ಕುಡಿತ ಸಾರ್. ನನ್ನ ತಮ್ಮಂಗೆ ಕುಡಿತದ ಕಾಯ್ಲೆ" ಎಂದಳು. ಸಾಲಿನ ಕತ್ತುಗಳೆಲ್ಲ ತಿರುಗಿದವು. ಪಾಲಪ್ಪ ಚೌಕದಿಂದ ಮುಖ ಮುಚ್ಚಿಕೊಂಡ. ಅವನು ಮತ್ತೆ ವಾರ್ಡಿನಲ್ಲಿ ಮಲಗಿದ, ಮತ್ತೆ ಮಾತ್ರೆ ಶುರುವಾಯಿತು. ಮಂಗಳವಾರ ಮನಸ್ಸಿನ ಡಾಕ್ಟರು ಹೊನ್ನಕ್ಕನನ್ನು ಪಕ್ಕಕ್ಕೆ ಕರೆದು, "ನೀವು ಹೇಳಿದ್ದು ಒಳ್ಳೆಯದಾಯ್ತಮ್ಮ. ಆದರೆ ಈ ಮಾತು ಒಂದು ದಿನ ಅವರ ಬಾಯಲ್ಲೇ ಬರಬೇಕು. ಅವತ್ತಿಗೆ ನನಗೆ ಧೈರ್ಯ" ಎಂದರು.

ಹೊನ್ನಕ್ಕ ಆ ದಿನಕ್ಕೆ ಕಾಯತೊಡಗಿದಳು. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಅವನನ್ನು ಕರೆದೊಯ್ದಳು. ಅವನು ಕುಡಿಯಲಿಲ್ಲ. ಮೋಟರ್ ಎತ್ತಿದ ಮೇಲೆ ಬಾಟಲಿ ಬದಲು ಎಳನೀರು ಎಂದು ಮೊದಲೇ ಹೇಳಿ ಕೆಲಸ ಒಪ್ಪುತ್ತಿದ್ದ. ಬೆರಳಿಗೆ ತಂತಿ ಮತ್ತೆ ನಿಂತಿತು. ಆದರೆ ಕಿಟಕಿಯ ಮುಂದೆ ಮಾತ್ರ ಅಕ್ಕನ ಹಿಂದೆ ನಿಂತು ಗೋಡೆಯ ಪೋಸ್ಟರ್ ಓದುತ್ತಿದ್ದ. ಯಾರಾದರೂ ಕೇಳಿದರೆ, "ಹಲ್ಲುನೋವು" ಎನ್ನುತ್ತಿದ್ದ.

ಈ ನಡುವೆ ಮಂಗಳವಾರದ ಬಸ್ಸಿಗೆ ಹೊನ್ನಕ್ಕನ ಜೊತೆ ಬರುವವರು ಹೆಚ್ಚಿದರು. ನಾಗರತ್ನಮ್ಮನ ಯಜಮಾನರು, ಐ.ಡಿ.ಹಳ್ಳಿಯವನು, ಸಿರಾ ರಸ್ತೆಯ ಗ್ಯಾರೇಜಿನವನೊಬ್ಬ. ಅವಳ ಜೊತೆ ನಿಂತರೆ ಜನಕ್ಕೆ ಗೊತ್ತಾಗುತ್ತದೆಂದು ಇವರೆಲ್ಲ ನಿಲ್ದಾಣದಲ್ಲಿ ನಾಲ್ಕು ಮಾರು ದೂರ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಾರೆ. ಬಸ್ಸು ಬಂದಾಗ ಅವಳೇ ಕೂಗುತ್ತಾಳೆ, "ಹತ್ರೋ, ಹಲ್ಲುಗಳಾ!" ಯಾರಿಗೂ ನಗದೆ ಹತ್ತುವುದು ಕಷ್ಟ. ಎಲ್ಲರೂ ಬಿಟ್ಟರೆಂದಲ್ಲ. ಒಬ್ಬ ಎರಡು ಸಲ ಬಂದು ನಿಲ್ಲಿಸಿಬಿಟ್ಟ. ಹೊನ್ನಕ್ಕ ಅವನ ಮನೆಯ ಮುಂದೆ ಹಾದುಹೋಗುವಾಗಲೆಲ್ಲ, "ಮಂಗಳವಾರ ಎಲ್ಲೂ ಹೋಗಿಲ್ಲ ಕಣಪ್ಪ, ಮುಂದಿನ ವಾರಾನೂ ಬತ್ತದೆ" ಎಂದು ಹೇಳಿಯೇ ಹೋಗುತ್ತಾಳೆ.

ಹೋದ ಭಾದ್ರಪದದಲ್ಲಿ ಹೊನ್ನಕ್ಕನಿಗೆ ನಿಜವಾಗಿಯೂ ಹಲ್ಲುನೋವು ಬಂತು. ಎಡಗಡೆಯ ದವಡೆ, ಅಂದು ಸುಳ್ಳು ಹೇಳಿದ ಕಡೆಯೇ. ಕೆನ್ನೆ ಬನ್ನಿನ ಹಾಗೆ ಊದಿತು. ಲವಂಗ ಇಟ್ಟಳು, ಉಪ್ಪುನೀರು ಮುಕ್ಕಳಿಸಿದಳು. ಬೀದಿಯಲ್ಲಿ ಒಬ್ಬರೂ ನಂಬಲಿಲ್ಲ. "ಯಾವಾಗಿಂದ ಶುರು ಮಾಡ್ಕಂಡೆ ಹೊನ್ನಕ್ಕ? ಬ್ರಾಂದಿನೋ, ವಿಸ್ಕಿನೋ?" ಎಂದು ನಾಗರತ್ನಮ್ಮ ಕಾಡಿದಳು. ಬೈಯಲು ಬಾಯಿ ತೆರೆಯಲಾಗದೆ ಹೊನ್ನಕ್ಕ ಕೈಯಲ್ಲೇ ಬೈದಳು.

ಮಂಗಳವಾರ ಪಾಲಪ್ಪನ ಮಾತ್ರೆಯ ದಿನವೂ ಆಗಿತ್ತು. ಇಬ್ಬರೂ ಹೋದರು. ಸಾಲಿನಲ್ಲಿ ಎಂದಿನ ಹಾಗೆ ಅಕ್ಕ ಮುಂದೆ, ತಮ್ಮ ಹಿಂದೆ. ಕಿಟಕಿಗೆ ಬಂದಾಗ ಹೊನ್ನಕ್ಕ ಚೌಕ ಸುತ್ತಿದ ಬಾಯಿಂದ ಹೇಗೋ, "ಹಲ್ಲುನೋವು" ಎಂದು ತೊದಲಿದಳು.

ನಾಲ್ಕು ವರ್ಷದಿಂದ ಅವಳನ್ನು ಕಂಡಿದ್ದ ಚಂದ್ರಶೇಖರಯ್ಯ ನಕ್ಕರು. "ಗೊತ್ತಲ್ಲಮ್ಮ ನಿಮ್ಮ ಹಲ್ಲುನೋವು. ಇವತ್ತು ಯಾರ ಹಲ್ಲು?" ಎನ್ನುತ್ತ ಮನಸ್ಸಿನ ಡಾಕ್ಟರ ರೂಮಿನ ನಂಬರು ಬರೆಯತೊಡಗಿದರು.

ಹೊನ್ನಕ್ಕ ತಲೆ ಅಲ್ಲಾಡಿಸಿದಳು, ಕೆನ್ನೆ ತೋರಿಸಿದಳು, "ಊಂ ಊಂ" ಎಂದಳು. ನೋವಿಗೆ ಕಣ್ಣಲ್ಲಿ ನೀರು ಬಂತು. ಹಿಂದೆ ಇಪ್ಪತ್ತು ಜನ, ಬೇಗ ಬೇಗ ಎಂದು ತಳ್ಳುತ್ತಿದ್ದರು. ಪಾಲಪ್ಪ ಪೋಸ್ಟರಿನಿಂದ ಕಣ್ಣು ತೆಗೆದ. ಅಕ್ಕನ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಕಿಟಕಿಗೆ ಬಂದ.

"ಸಾರ್, ಅಕ್ಕಂಗೆ ದಿಟವಾಗ್ಲೂ ಹಲ್ಲುನೋವು. ಕುಡಿತದ್ದು ನಾನು. ಪಾಲಪ್ಪ, ನಲವತ್ನಾಲ್ಕು ವರ್ಷ, ಹುಣಸೆಕುಂಟೆ. ಬಿಟ್ಟು ಮೂರು ವರ್ಷ ಎರಡು ತಿಂಗಳಾಯ್ತು. ಮಾತ್ರೆಗೆ ಬಂದಿದ್ದೀನಿ. ಎರಡು ಚೀಟಿ ಬರೀರಿ, ಅವಳ್ದು ಬೇರೆ, ನಂದು ಬೇರೆ."

ತಳ್ಳುವುದು ನಿಂತಿತು. ಚಂದ್ರಶೇಖರಯ್ಯ ಬರೆದ ಚೀಟಿ ಹರಿದುಹಾಕಿ ಎರಡು ಹೊಸ ಚೀಟಿ ಬರೆದರು. ಸಾಲಿನ ಹಿಂಬದಿಯಲ್ಲಿದ್ದ ದಪ್ಪ ಮೀಸೆಯವನೊಬ್ಬ, ಇಷ್ಟು ಹೊತ್ತು ಕೈಯನ್ನು ಪಂಚೆಯಲ್ಲಿ ಬಚ್ಚಿಟ್ಟುಕೊಂಡಿದ್ದವನು, ಪಾಲಪ್ಪನ ಹತ್ತಿರ ಬಂದು ಮೆಲ್ಲಗೆ, "ಆ ರೂಮು ಎಲ್ಲೈತಣ್ಣ?" ಎಂದು ಕೇಳಿದ.

"ಚೀಟಿ ಮಾಡಿಸ್ಕಂಡು ಬಾ. ನಿಂತಿರ್ತೀನಿ" ಎಂದ ಪಾಲಪ್ಪ.

ಹೊನ್ನಕ್ಕ ಒಬ್ಬಳೇ ಹಲ್ಲಿನ ರೂಮಿಗೆ ಹೋದಳು. ಅದೇ ಡಾಕ್ಟರಮ್ಮ. ಅದೇ ಉದ್ದನೆಯ ಕುರ್ಚಿ. ಅವಳ ಗುರುತು ಹತ್ತಿ ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಈ ಸಲ ಯಾವ ಕಡೆ ಅಂತ ಗೊತ್ತಿದೆಯಾ?" ಹೊನ್ನಕ್ಕ ನಗಲು ಹೋಗಿ, ನೋವಿಗೆ ಅತ್ತು, ಎಡಗೆನ್ನೆಗೆ ಬೆರಳಿಟ್ಟಳು. ಅವರು ಊತಕ್ಕೆ ಮಾತ್ರೆ ಕೊಟ್ಟು, ಮುಂದಿನ ಮಂಗಳವಾರ ಹಲ್ಲು ಕಿತ್ತರು. ಬುಡ ಸಮೇತ, ಒಳಗೆ ಚೂರು ಉಳಿಯದ ಹಾಗೆ. ಹೊನ್ನಕ್ಕ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಕೆಲಸ ಮೆಚ್ಚಿ ತಲೆದೂಗಿದಳು.

ವಾಪಸು ಬರುವ ಬಸ್ಸಿನಲ್ಲಿ ಬಾಯೊಳಗೆ ಹತ್ತಿ ಇದ್ದುದರಿಂದ ಅವಳು ಮಾತಾಡುವ ಹಾಗಿರಲಿಲ್ಲ. ನಾಗರತ್ನಮ್ಮ ಮುಂದಿನ ಸೀಟಿನಿಂದ ತಿರುಗಿ, "ಏನಂದ್ರಕ್ಕ? ಎಷ್ಟು ದಿನ ಮಾತ್ರೆ ತಗೋಬೇಕಂತೆ ನಿನ್ ಹಲ್ಲುನೋವಿಗೆ?" ಎಂದು ಕಣ್ಣು ಮಿಟುಕಿಸಿದಳು.

ಹೊನ್ನಕ್ಕ ಸೆರಗಿನ ಗಂಟು ಬಿಚ್ಚಿ, ಕಾಗದದ ಪೊಟ್ಟಣ ತೆರೆದು, ಆ ಹಲ್ಲನ್ನು ಅವಳ ಮೂಗಿನ ಮುಂದೆ ಹಿಡಿದಳು.